ಬಾಗಿನದ ದಿನದ ಬಾಟಲಿ

ನಾನು ಒಂದು ಬಲೆ. ಮೀನಿನ ಊಟ ಹಿಡಿಯುವುದು ನನ್ನ ಕಸುಬು. ಮೈಸೂರಿನ ದರ್ಜಿಯೊಬ್ಬ, ಮದುವೆ ರವಿಕೆಗಳ ರಾಶಿಯ ನಡುವೆ, ತೆಳು ನೈಲಾನ್ ಬಟ್ಟೆಯಿಂದ ನನ್ನನ್ನು ಆಲಿಕೆಯ ಹಾಗೆ ಹೊಲಿದ. ಬಾಯಿಗೆ ಹಿತ್ತಾಳೆ ಬಳೆ, ಬಾಲಕ್ಕೆ ಪುಟ್ಟ ಬಾಟಲಿ. ಕಣ್ಣಿಗೆ ಬಿದ್ದೂ ಬೀಳದಂಥ ಜಲಜೀವಿಗಳು ಅದರಲ್ಲಿ ಸೇರುತ್ತಿದ್ದವು.

ನನ್ನ ಒಡತಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ವಸುಮತಿ ಮೇಡಂ. ತಿಂಗಳಿಗೊಮ್ಮೆ ಜಲಾಶಯಕ್ಕೆ ಹೋಗುತ್ತಿದ್ದೆವು. ತೆಪ್ಪ ನಡೆಸುತ್ತಿದ್ದವಳು ಬೆಸ್ತರ ಪುಟ್ಟಮಾದಮ್ಮ. ಆ ದಿನಗಳನ್ನು ನೆನೆದರೆ ಈಗಲೂ ನನ್ನ ನೂಲೆಲ್ಲ ಒದ್ದೆಯಾಗುತ್ತದೆ. ನಾಲೆಗೆ ಬಿಟ್ಟು ನೀರು ತಗ್ಗಿದ ಬೇಸಿಗೆಯಲ್ಲಿ, ತಲೆಯ ಮೇಲೆ ಚಕ್ರ ತಿರುಗಿಸುವ ಪುಟಾಣಿಗಳು. ಕಾರ್ತಿಕದ ತಿಳಿನೀರಿನಲ್ಲಿ ಕುಪ್ಪಳಿಸುವ ನೀರುಚಿಗಟಗಳು. ಆಗ ಬಾಟಲಿ ಗಂಜಿಯಂತೆ ಗಟ್ಟಿ. ಶ್ರಾವಣದಲ್ಲಿ ಮಾತ್ರ ಬರೀ ಕೆಸರು. ಗೇಟು ತೆರೆದಾಗ ಎಲ್ಲವೂ ಕೊಚ್ಚಿಹೋಗುತ್ತಿತ್ತು.

ತಮಾಷೆ ನೋಡಿ, ಮೀನುಮರಿ ಬಿಡುತ್ತಿದ್ದದ್ದೂ ಅದೇ ಶ್ರಾವಣದಲ್ಲಿ! ಅಣೆಕಟ್ಟು ತುಂಬಿ ಬಾಗಿನ ಕೊಡುವ ದಿನ, ಗಣ್ಯರ ಕೈಯಿಂದ, ಫೋಟೊ ಸಮೇತ. ಮರಿಗಳು ಹಸಿದು ಸಾಯುತ್ತಿದ್ದವು. ಮೂರು ವರ್ಷ ಪುಟ್ಟಮಾದಮ್ಮನ ಬಲೆಗೆ ಹೇಳಿಕೊಳ್ಳುವಂಥ ಮೀನು ಬೀಳಲಿಲ್ಲ. ಇನ್ನೊಂದು ವರ್ಷ ಹೀಗೇ ಆದರೆ ತೆಪ್ಪ ಬಿಟ್ಟು ಇಟ್ಟಿಗೆ ಗೂಡಿಗೆ ಕೂಲಿ ಹೋಗುತ್ತೇನೆ ಎಂದಳು.

ಮೇಡಂ ಅವಳನ್ನೂ ಕರೆದುಕೊಂಡು, ಮರಿ ಬಿಡಿಸುವ ಮೀನುಗಾರಿಕೆ ಇಲಾಖೆಯ ಅಧಿಕಾರಿಯ ಬಳಿ ಹೋಗಿ, ಮೇಜಿನ ಮೇಲೆ ಎರಡು ಬಾಟಲಿ ಇಟ್ಟರು. "ಇದು ಬಾಗಿನದ ದಿನದ್ದು, ಇದು ಕಾರ್ತಿಕದ್ದು."

"ಬಾಗಿನದ ದಿನವೇ ಬಿಡೋದು ಮೊದಲಿಂದ ಬಂದಿರೋದು, ಮೇಡಂ," ಎಂದರು ಅಧಿಕಾರಿ.

ಪುಟ್ಟಮಾದಮ್ಮನಿಗೆ ತಡೆಯಲಾಗಲಿಲ್ಲ. "ಉಣ್ಣಾಕಿಲ್ದ ಮನ್ಗೆ ಯಾರಾರ ಮಕ್ಳ ಕಳ್ಸಾರಾ ಸಾ?"

ಅಧಿಕಾರಿ ಕೆಸರಿನ ಬಾಟಲಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆ ವರ್ಷ ಬಾಗಿನದ ದಿನ ಬಾಗಿನವಷ್ಟೇ ಆಯಿತು. ಮರಿಗಳು ಕಾರ್ತಿಕದಲ್ಲಿ, ಫೋಟೊ ಇಲ್ಲದೆ ನೀರಿಗಿಳಿದವು.

ಎರಡು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಮೇಡಂ ನನ್ನನ್ನು ನೀರಿನಲ್ಲಿ ಎಳೆಯುತ್ತಿದ್ದಾಗ ಏನೋ ಬಂದು ಗುದ್ದಿತು. ಮೊಳದುದ್ದದ ಕಾಟ್ಲಾ ಮೀನು! ನನ್ನ ಹೊಟ್ಟೆಯನ್ನು ಚರ್ರನೆ ಸೀಳಿ ಪಾರಾಯಿತು. ಮೇಡಂ ಕಣ್ಣಲ್ಲಿ ನೀರು. ಪುಟ್ಟಮಾದಮ್ಮನಿಗೆ ನಗು.

"ಅಳ್ಬ್ಯಾಡಿ ಮೇಡಮ್ಮಾರೆ, ಹರ್ದಿರೋದು ನಮ್ ಮಕ್ಳೇ ಕನಿ!"

ಈಗ ನಾನು ಕಾಲೇಜಿನ ಗಾಜಿನ ಬೀರುವಿನಲ್ಲಿದ್ದೇನೆ. ಹೊಸ ಬಲೆ ನೀರಿನ ವಾಸನೆ ಹೊತ್ತು ಬಂದಾಗಲೆಲ್ಲ ಹೊಟ್ಟೆಕಿಚ್ಚಾಗುತ್ತದೆ. ಮೊನ್ನೆ ಮೇಡಂ ಸೂಜಿ ದಾರ ತಂದು, ನನ್ನ ಹರುಕಿನ ಮೇಲೆ ಬೆರಳಾಡಿಸಿ, ಹೊಲಿಯದೆ ಹಾಗೇ ಇಟ್ಟುಹೋದರು. ಒಳ್ಳೆಯದೇ ಆಯಿತು. ಉಂಡು ಬೆಳೆದ ಮಗು ಹಾದುಹೋದ ಬಾಗಿಲು ಅದು, ತೆರೆದೇ ಇರಲಿ.