ಸೇವ್ ಆಗದ ಮನೆಗಳು

"ಕೈ ತೆಗಿಯೇ ನನ್ನ ಕೀಬೋರ್ಡ್ ಮೇಲಿಂದ. ನಿಂಗೆ ನೋಡೋಕೆ ಕೊಟ್ಟಿರೋದು, ಬರೆಯೋಕಲ್ಲ."

ಸಾಹೇಬ ಹಾಗಂದ ಕೂಡಲೇ ಅಕ್ಕ ಬಿಸಿ ತಾಗಿದವಳಂತೆ ಹಿಂದೆ ಸರಿದಳು. ಆ ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುವ ಗುತ್ತಿಗೆ ಕೆಲಸ ಅವಳದು. ಅಳತೆಯ ಕೋಲು ಹೊರುವುದು ನನ್ನದು. ಕಾಲುವೆ ಪಕ್ಕದ ನಮ್ಮ ತಗಡಿನ ಮನೆಗಳ ಮೂಲೆಮೂಲೆಗೂ ನಾನು ಕೋಲು ಊರಿದ್ದೆ, ಅಕ್ಕ ಅವನ್ನೆಲ್ಲ ಪರದೆಯ ಮೇಲೆ ಕೂರಿಸಿದ್ದಳು. ಸಂಜೆಗೆ ನಕ್ಷೆ ತಾನಾಗಿಯೇ ಮೇಲಿನ ಕಚೇರಿಗೆ ಹೋಗುತ್ತದೆ. ಅದರಲ್ಲಿಲ್ಲದ ಮನೆ ಖಾಲಿ ಜಾಗದ ಲೆಕ್ಕ. ಖಾಲಿ ಜಾಗ ಸಮ ಮಾಡಲು ಯಂತ್ರ ಬರುತ್ತದೆ.

ಆ ದಿನ ಅಕ್ಕ ತನ್ನ ಕಂಪ್ಯೂಟರಿನಲ್ಲಿ ಸೇವ್ ಒತ್ತಿದರೆ ಅನುಮತಿ ಇಲ್ಲ ಎಂದು ಬರುತ್ತಿತ್ತು. ಅದನ್ನು ಆರಿಸಿ ಹಚ್ಚಿ, ಎಲ್ಲವನ್ನೂ ಮತ್ತೆ ಬರೆದಳು. ಅದೇ ಉತ್ತರ. ನಾನು ಹಿಂದಿನ ವೈರುಗಳನ್ನೆಲ್ಲ ಅಲ್ಲಾಡಿಸಿದೆ, ನನಗೆ ತಿಳಿಯುವುದು ಅಷ್ಟೇ. ಕೊನೆಗೆ ರಿಪೇರಿಯವನು ನೋಡಿ ಹೇಳಿದ. ಬೆಳಿಗ್ಗೆ ಯಾರೋ ನೆಂಟನಿಗೆ ತೋರಿಸಲೆಂದು ಸಾಹೇಬ ತನ್ನ ಹೆಸರಿನಲ್ಲಿ ನಕ್ಷೆ ತೆರೆದು ಸೇವ್ ಮಾಡಿದ್ದನಂತೆ. ತಂತ್ರಾಂಶ ಹಳೆಯ ಫೈಲು ಅಳಿಸಿ ಹೊಸದು ಬರೆಯುತ್ತದೆ, ಸೇವ್ ಮಾಡಿದವನೇ ಅದರ ಒಡೆಯ. ಉಳಿದವರು ನೋಡಬಹುದು, ಮುಟ್ಟುವಂತಿಲ್ಲ. ಬೇರೆ ಕಡೆ ಇಟ್ಟದ್ದನ್ನು ಮೇಲಿನವರು ತೆಗೆದುಕೊಳ್ಳುವುದಿಲ್ಲ. ಉಳಿದವರೂ ಬರೆಯಬಹುದು ಎಂಬಲ್ಲಿ ಸಾಹೇಬ ಒಂದು ಟಿಕ್ ಹಾಕಿದರೆ ಮುಗಿಯಿತು. ಅದನ್ನು ಕೇಳಲೆಂದೇ ಅಕ್ಕ ಅವನ ಟೇಬಲ್ಲಿಗೆ ಹೋದದ್ದು.

"ನೀವೇ ಹಾಕಿ ಸಾರ್. ನಮ್ಮವ್ವನ ಮನೆ ಇದೆ ಅದ್ರಲ್ಲಿ."

"ಅದಕ್ಕೇ ಹಾಕಲ್ಲ. ನಿಮಗೆ ಬರೆಯೋಕೆ ಬಿಟ್ರೆ ನಾಳೆ ಈ ಕಚೇರೀನೂ ನಿಮ್ಮಪ್ಪಂದು ಅಂತ ಬರ್ಕೋತೀರಿ, ಬೋಳಿಮಕ್ಕಳು."

ರಿಪೇರಿಯವನು ನೆಲ ನೋಡಿದ. ನಾನೂ ನೆಲವನ್ನೇ ನೋಡಿದೆ, ಥೂ ನನ್ನ ಜನ್ಮಕ್ಕೆ.

ಸಾಹೇಬ ಊಟಕ್ಕೆ ಹೋದವನು ತಿರುಗಿ ಬರಲಿಲ್ಲ. ಅಕ್ಕ ತನ್ನ ಪರದೆಯ ಮುಂದೆ ಕೂತೇ ಇದ್ದಳು, ಆರಿಸಿದರೆ ಮನೆಗಳು ಹೋಗುತ್ತವೆಂದು. ಸಂಜೆ ಕಾವಲಿನವನು ಬಂದು ಏಳಮ್ಮಾ ಎಂದ. ಅವಳು ಏಳಲಿಲ್ಲ. ಅವನು ಮೇನ್ ಸ್ವಿಚ್ ಇಳಿಸಿದ.

ಯಂತ್ರ ಬಂದ ದಿನ ಅವ್ವ ಬಾಗಿಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಡ್ರೈವರ್ ಕೆಳಗಿಳಿದು ಮೊಬೈಲಿನಲ್ಲಿ ನಕ್ಷೆ ತೋರಿಸಿದ. ಕೆಟ್ಟವನಲ್ಲ ಅವನು.

"ನೋಡಮ್ಮಾ, ಇಲ್ಲೇನೂ ಇಲ್ಲ ಅಂತಿದೆ. ಬರೀ ನೆಲ."

ಅವ್ವ ಸೆರಗಿಗೆ ಕೈ ಒರೆಸಿಕೊಂಡು ಮೊಬೈಲನ್ನು ನೋಡಿದಳು, ಯಂತ್ರವನ್ನು ನೋಡಿದಳು.

"ಏನೂ ಇಲ್ದಿರೋ ಕಡೆ ಇಷ್ಟು ದೊಡ್ಡ ಮಿಷನ್ ಯಾಕಪ್ಪಾ ತಂದೆ?"

ಅವನು ಮೊಬೈಲು ಜೇಬಿಗಿಟ್ಟ. ಅವ್ವ ಪಾತ್ರೆಗಳನ್ನು ಎತ್ತಿಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಯಂತ್ರ ಗುರುಗುಡುತ್ತಲೇ ಇತ್ತು. ಅದರ ನಡುವೆ, ಒಳಗೆ ಅವಳು ಒಂದೊಂದೇ ಪಾತ್ರೆ ಜೋಡಿಸುತ್ತಿದ್ದ ಸದ್ದು.