ಓಗೊಟ್ಟ ಹೆಸರು

ಕುಸುಮಾವತಿಯ ಮನೆಯ ಹಳೇ ಬೈಬಲಿನ ಮೊದಲ ಪುಟದಲ್ಲಿ ದೀಕ್ಷಾಸ್ನಾನ ಪಡೆದವರ ಹೆಸರುಗಳಿದ್ದವು. ಎಲ್ಲಕ್ಕೂ ಮೇಲೆ ಸುವಾರ್ತಮ್ಮ. ಅದರ ಪಕ್ಕದ ಹೆಸರಿಗೆ ಯಾರೋ ಮಸಿ ಬಳಿದಿದ್ದರು. ಮಗಳು ಸುಪ್ರೀತಾ ಸುಮ್ಮನಿರುವವಳೇ? ಪುಟದ ಹಿಂದೆ ಫೋನಿನ ಟಾರ್ಚ್ ಹಿಡಿದು ಓದಿಯೇಬಿಟ್ಟಳು: ಕಾಳಮ್ಮ.

"ಅಮ್ಮಾ, ನನ್ನ ಪಾಪುಗೆ ಇದೇ ಹೆಸರು. ಎಷ್ಟು ಸ್ಟ್ರಾಂಗ್ ಆಗಿದೆ!"

ಕುಸುಮಾವತಿ ಬೈಬಲನ್ನು ಮುಚ್ಚಿಬಿಟ್ಟಳು. ಕಾಳಮ್ಮ ಅವಳ ಮುತ್ತಜ್ಜಿ. ಉಡುಪಿ ಸೀಮೆಯ ಒಬ್ಬ ಒಡೆಯನ ಮೂಲದಾಳು. ಗದ್ದೆ ಮಾರಿದರೆ ಗದ್ದೆಯ ಜೊತೆ ಆಳೂ ಮಾರಾಟ. ಪಾದ್ರಿಗಳು ತಲೆಗೆ ನೀರು ಹಾಕಿ, ಇನ್ನು ನೀನು ಯಾರ ಆಳೂ ಅಲ್ಲ ಎಂದು ಸುವಾರ್ತಮ್ಮ ಎಂಬ ಹೆಸರಿಟ್ಟರು. ಆಮೇಲೆ ಒಡೆಯನೂ ಅದೇ ಚರ್ಚಿಗೆ ಸೇರಿದ. ಅವನು ಮುಂದಿನ ಬೆಂಚಿನಲ್ಲಿ, ಅವಳು ಹೊರಗಿನ ಜಗಲಿಯಲ್ಲಿ. ಚಂದದ ಬಿಡುಗಡೆ! ಪ್ರಾರ್ಥನೆ ಮುಗಿದೊಡನೆ ಅವನು ಹಳೇ ಹೆಸರು ಹಿಡಿದು ಕೂಗುವನು. ಅವಳು "ಓ" ಎಂದು ಓಡಬೇಕು. ಸಾಯುವ ಗಳಿಗೆಯಲ್ಲಿ ಯಾರೂ ಕೂಗದಿದ್ದರೂ "ಓ" ಎಂದಳಂತೆ. ಆ ಹೆಸರೆತ್ತಿದರೆ ಸತ್ತ ಮೇಲೂ ಅವಳು ಬರಲೇಬೇಕಾಗುತ್ತದೆ ಎಂದು ಹೆದರಿ ಕುಸುಮಾವತಿಯ ಅಜ್ಜಿಯೇ ಮಸಿ ಬಳಿದದ್ದು.

"ಬೇಡ ಮಗಾ. ಹೆಸ್ರು ಇಟ್ರೆ ಆ ಕರೆಯೂ ಮಗುವಿಗೆ ಅಂಟಿಕೊಳ್ತದೆ."

"ಸೀರಿಯಸ್ಲಿ? ಹೆದರ್ಕೊಂಡು ಅವರನ್ನ ಅಳಿಸಿಬಿಡೋದಾ?"

ಮಗಳ ಹಟಕ್ಕೆ ಮದ್ದಿಲ್ಲ. ಭಾನುವಾರ, ಅವರು ಈಗ ನೆಲೆಸಿರುವ ಪರದೇಶದ ಊರು ಟ್ರುಗನಿನಾದಲ್ಲಿ, ಗೋದಾಮುಗಳ ನಡುವಿನ ಬಾಡಿಗೆ ಸಭಾಂಗಣದಲ್ಲಿ ದೀಕ್ಷಾಸ್ನಾನ. ಅಳಿಯ ಜಯೇಶನ ಕಡೆಯವರು ಸಿಡ್ನಿಯ ಬ್ಲ್ಯಾಕ್‌ಟೌನಿನಿಂದ ಬಂದಿದ್ದರು. ಕುಸುಮಾವತಿ ಮುಂದಿನ ಸಾಲಿನಲ್ಲಿ ಕೂತು, ಪಕ್ಕದ ಖಾಲಿ ಕುರ್ಚಿಯ ಮೇಲೆ ಬ್ಯಾಗ್ ಇಟ್ಟಳು. ಪಾದ್ರಿ ಬೊಗಸೆಯಲ್ಲಿ ನೀರೆತ್ತಿ ಹೇಳಿದರು: "ಕಾಳಮ್ಮ."

"ಓ" ಎಂದಿತು ಬಾಗಿಲ ಕಡೆಯಿಂದ ಒಂದು ದನಿ.

ಗಾಜಿನ ಬಾಗಿಲು ತಾನಾಗಿ ಸರಿಯಿತು. ಅಲ್ಲಿ ಯಾರೂ ಇರಲಿಲ್ಲ. ಮುಚ್ಚಿಕೊಳ್ಳಲು ಹೊರಟ ಬಾಗಿಲು ಅರ್ಧಕ್ಕೆ ಬಂದು ಮತ್ತೆ ಹಿಂದೆ ಸರಿಯಿತು. ಮತ್ತೆ ಬಂತು, ಮತ್ತೆ ಸರಿಯಿತು. ಅಳುತ್ತಿದ್ದ ಮಗು ಗಪ್ಪನೆ ಸುಮ್ಮನಾಗಿ ಅತ್ತಲೇ ನೋಡತೊಡಗಿತು.

"ಸೆನ್ಸರ್ ಕೆಟ್ಟಿರ್ಬೇಕು ಮಾಮಿ," ಎಂದ ಜಯೇಶ.

ಮಗುವನ್ನು ಬಿಟ್ಟು ಹೋಗು ಎಂದು ಮುತ್ತಜ್ಜಿಯನ್ನು ಗದರಿಸಲೆಂದೇ ಕುಸುಮಾವತಿ ಎದ್ದು ಬಾಗಿಲಿಗೆ ಹೋದಳು. ಹೊರಗೆ ಬಿಸಿಲು ಸುಡುತ್ತಿತ್ತು, ಮಳೆ ಬಂದು ತಿಂಗಳಾಗಿತ್ತು. ಆದರೂ ಹೊಸ್ತಿಲಾಚೆಯ ಕಾಲೊರಸಿನ ಮೇಲೆ ಕೆಸರಿನ ಎರಡು ಹೆಜ್ಜೆ, ಪುಟ್ಟವು, ಬರಿಗಾಲಿನವು. ಒಂದು ಬೆರಳೂ ಒಳಗೆ ದಾಟಿರಲಿಲ್ಲ.

ಕುಸುಮಾವತಿ ಗದರಲಿಲ್ಲ. ಮುದುಕಿ ಮಗುವನ್ನು ಹಿಡಿಯಲು ಬಂದವಳಲ್ಲ. ಕರೆದರು, ಬಂದಳು, ಒಳಗೆ ಬಾ ಎನ್ನುವವರಿಲ್ಲದೆ ಇಂದಿಗೂ ಜಗಲಿಯಲ್ಲೇ ನಿಂತಿದ್ದಾಳೆ. ಅವಳ ಹೆಸರನ್ನು ಅಳಿಸಿ ಇಷ್ಟು ವರ್ಷ ಬಾಗಿಲು ಹಾಕಿಕೊಂಡವರು ಮನೆಯವರೇ. ಕುಸುಮಾವತಿಗೆ ನಾಚಿಕೆಯಾಯಿತು.

ಕೈಮುಗಿದು ತುಳುವಿನಲ್ಲಿ ಕರೆದಳು: "ಉಲಾಯಿ ಬಲೆ, ಅಜ್ಜೀ." ಒಳಗೆ ಬನ್ನಿ. ಅಷ್ಟು ಮರ್ಯಾದೆಯಿಂದ ಆಕೆಯನ್ನು ಯಾರಾದರೂ ಕರೆದದ್ದು ಅದೇ ಮೊದಲಿರಬೇಕು.

ತೋಳಿಗೆ ತಣ್ಣಗೇನೋ ಸವರಿ ಹೋಯಿತು. ಬಾಗಿಲು ಮುಚ್ಚಿಕೊಂಡಿತು. ಕುಸುಮಾವತಿ ಮುಂದಿನ ಸಾಲಿಗೆ ಮರಳಿ, ಪಕ್ಕದ ಕುರ್ಚಿಯ ಬ್ಯಾಗನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು.

ಪಾದ್ರಿ ಮಗುವಿನ ತಲೆಗೆ ನೀರು ಹಾಕಿ ಮತ್ತೊಮ್ಮೆ ಹೆಸರು ಹೇಳಿದರು. ಈ ಬಾರಿ ಯಾರೂ ಓಗೊಡಲಿಲ್ಲ. ಪಕ್ಕದ ಕುರ್ಚಿ ಮಾತ್ರ, ದಣಿದವರು ಬೆನ್ನು ಆನಿಸಿದಂತೆ, ಮೆಲ್ಲಗೆ ಕಿರುಗುಟ್ಟಿತು.