ಅರ್ಧ ಬಟ್ಟಲು ಚಹಾ

"ಕತ್ತೆ ಮುಂಡೇದೇ, ಕಂಠದ ತನಕ ಹುಯ್ದಿದೀಯಲ್ಲೇ! ಬಂದೋರನ್ನ ಎದ್ದು ಹೋಗಿ ಅಂತೀಯಾ?"

ಗುಲ್ಬಾರಾ ಎಜೆ ಇದನ್ನು ಹೇಳಿದ್ದು ತುಟಿ ಅಲ್ಲಾಡಿಸದೆ, ಅತಿಥಿಯ ಕಡೆಗೆ ತಿರುಗಿಸಿದ್ದ ನಗುವನ್ನು ಹಾಗೇ ಇಟ್ಟುಕೊಂಡು. ಅವಳ ಉಗುರು ಮಾತ್ರ ನನ್ನ ಮೊಣಕೈ ಮೇಲಿನ ಮಾಂಸಕ್ಕೆ ಇಳಿದಿತ್ತು. ಎಜೆ ಅಂದರೆ ಅಕ್ಕ. ಸಂಸದರ ಕಚೇರಿಯಲ್ಲಿ ಎಲ್ಲರೂ ಅವಳನ್ನು ಹಾಗೇ ಕರೆಯಬೇಕು.

ತಪ್ಪು ನನ್ನದೇ. ಕಿಟಕಿಯಾಚೆ ಬೆಟ್ಟದ ಹಿಮ ಕಾಣಿಸುತ್ತಿತ್ತು. ನಾನು ಅಲ್ಲಿಗೆ ಹೋಗಿಬಿಟ್ಟಿದ್ದೆ. ಕೈ ಇಲ್ಲಿ ಚಹಾ ಸುರಿಯುತ್ತಲೇ ಇತ್ತು. ನಮ್ಮಲ್ಲಿ ಬಂದವರಿಗೆ ಕೊಡುವುದು ಅರ್ಧ ಬಟ್ಟಲು. ಕೂತಿರು, ಮಾತು ಇನ್ನೂ ಇದೆ, ಖಾಲಿಯಾದರೆ ಮತ್ತೆ ಹಾಕುತ್ತೇನೆ ಎಂದು ಅದರ ಅರ್ಥ. ಅಂಚಿನವರೆಗೆ ತುಂಬಿಸಿ ಇಟ್ಟರೆ, ಕುಡಿದು ತೊಲಗು ಎಂದಂತೆ. ನಾಲಿಗೆ ತಿರುಗದ ಮಕ್ಕಳಿಗೂ ಇದು ಗೊತ್ತು. ನನಗೆ ಇದನ್ನು ಕಲಿಸಿದ್ದು ಅಪಾ, ನನ್ನ ಅಜ್ಜಿ. ಕೈ ಹೆಚ್ಚು ಬಾಗಿದಾಗೆಲ್ಲ ಮಣಿಕಟ್ಟಿಗೆ ಚಮಚದಿಂದ ಒಂದು ಪೆಟ್ಟು ಬೀಳುತ್ತಿತ್ತು.

"ಬಿಡು ಗುಲ್ಬಾರಾ, ಹಳ್ಳಿ ಮಗು," ಎಂದು ಕದೀರ್‌ಕುಲ್ ಬಾಯ್ಕೆ ನಕ್ಕರು. ಬಾಯ್ಕೆ ಅಂದರೆ ಅಣ್ಣ. ಸಂಸದರನ್ನು ಹಾಗೆ ಕರೆದರೆ ಅವರಿಗೆ ಖುಷಿ. "ಏನಮ್ಮ ನಿನ್ನ ಹೆಸರು?"

"ಊಲ್ಬೊಲ್ಸುನ್, ಬಾಯ್ಕೆ."

ಅತಿಥಿ ಹೊಟ್ಟೆ ಕುಣಿಸಿ ನಕ್ಕ. ಅವನು ಬಾಯ್ಕೆಯ ಹೆಂಡತಿಯ ತಮ್ಮ. ನಗರದಲ್ಲಿ ಏಳುತ್ತಿರುವ ಎತ್ತರದ ಕಟ್ಟಡಗಳಲ್ಲಿ ಅರ್ಧ ಅವನವೇ. "ಮುಂದಿನದಾದ್ರೂ ಗಂಡಾಗ್ಲಿ ಅಂತ ಇಟ್ಟ ಹೆಸರು! ಆಯ್ತಾ ಗಂಡು?"

"ಇಲ್ಲಿ ನಾವು ಊಲ್ಯಾ ಅಂತೀವಿ," ಎಂದಳು ಎಜೆ, ಚೆಲ್ಲಿದ್ದನ್ನು ಒರೆಸಿದ ಹಾಗೆ.

ಕಾಲೇಜಿನ ಗೋಡೆಯಲ್ಲಿ ನೋಟೀಸು ಅಂಟಿಸಿದ್ದರು. ರಾಜಕೀಯದಲ್ಲಿ ಆಸಕ್ತಿ ಇರುವ ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್, ಕಾನೂನು ಬರೆಯುವ ಅನುಭವ, ಅರ್ಹರಿಗೆ ಮುಂದೆ ನೌಕರಿ. ಅದನ್ನು ಓದಿದ ದಿನ ನಾನು ಬಸ್ಸು ಹತ್ತದೆ ನಡೆದೇ ಮನೆಗೆ ಹೋದೆ, ದಾರಿಯುದ್ದಕ್ಕೂ ಕಾನೂನುಗಳನ್ನು ಬರೆಯುತ್ತ. ಎಲ್ಲ ಬೀದಿಗೂ ನೀರು ಬರಬೇಕು ಎಂದು ಒಂದು. ಬೂದಿ ಹಾರುವ ಕಡೆ ಯಾರೂ ಮಲಗಬಾರದು ಎಂದು ಇನ್ನೊಂದು. ನನ್ನ ಜೊತೆ ಸೇರಿದವನು ಮಂತ್ರಾಲಯದ ದೊಡ್ಡ ಅಧಿಕಾರಿಯ ಮಗ. ಅವನು ಸಭೆಗಳಲ್ಲಿ ಬಾಯ್ಕೆಯ ಹಿಂದೆ ಕೂರುತ್ತಾನೆ. ನಾನು ಬಾವುಟ ಹಿಡಿಯುತ್ತೇನೆ, ಭಾಷಣಗಳಿಗೆ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತೇನೆ, ಚಹಾ ಹಾಕುತ್ತೇನೆ.

ಅರ್ಧ ಬಟ್ಟಲು ಮತ್ತೆ ಹಾಕಿ ಗೋಡೆಗೆ ಒರಗಿ ನಿಂತೆ. ಚಹಾ ಹಾಕುವವಳು ಕೋಣೆಯಲ್ಲಿದ್ದರೂ ಇಲ್ಲದ ಹಾಗೆ.

"ಕಸದ ಗುಡ್ಡ ಮುಚ್ಚೋದು ಖಾತ್ರಿ," ಎಂದರು ಬಾಯ್ಕೆ. "ಮುಚ್ಚಿದ ಮೇಲೆ ಅದು ಕಸ ಅಲ್ಲ, ಜಾಗ."

"ಸುತ್ತ ಮಣ್ಣಿನ ಗೂಡುಗಳಿವೆಯಲ್ಲ ಭಾವ? ಕೊಕ್-ಬೆಲ್ಲೋ ಏನೋ."

"ಗೂಡಿಗೆ ಕಾಗದ ಇಲ್ಲ. ಬುಲ್ಡೋಜರಿಗೆ ಒಂದು ಬೆಳಗಿನ ಕೆಲಸ."

"ಗಲಾಟೆ ಮಾಡ್ತಾರೆ."

"ಮೊದಲು ಓಟು, ಆಮೇಲೆ ಓಟ." ತಮ್ಮ ಮಾತಿಗೆ ತಾವೇ ನಕ್ಕು ಬಾಯ್ಕೆ ಬಟ್ಟಲು ಚಾಚಿದರು. ನಾನು ಮುಂದೆ ಹೋದೆ. "ನೀನು ಯಾವ ಕಡೆಯೋಳಮ್ಮ?"

ನನ್ನ ಕೈ ಅಲುಗಲಿಲ್ಲ. ಅದೇ ಈಗಲೂ ನನಗೆ ತಡೆಯಲಾಗದ್ದು. "ನಾರಿನ್ ಕಡೆ, ಬಾಯ್ಕೆ. ಬೆಟ್ಟದೋಳು," ಎಂದೆ, ಅಳತೆ ತಪ್ಪದೆ ಅರ್ಧ ಬಟ್ಟಲು ಹಾಕಿದೆ.

ಸುಳ್ಳಲ್ಲ. ಹುಟ್ಟಿದ್ದು ಅಲ್ಲೇ. ಒಂದು ಚಳಿಗಾಲ ಕುರಿಗಳೆಲ್ಲ ನಿಂತಲ್ಲೇ ಸೆಟೆದುಕೊಂಡ ಮೇಲೆ ನಾವು ಬಿಷ್ಕೆಕ್ಕಿನ ಅಂಚಿಗೆ ಬಂದದ್ದು, ಕಸದ ಗುಡ್ಡದ ಪಕ್ಕ ಮಣ್ಣಿನ ಇಟ್ಟಿಗೆ ಹೊಡೆದು ಗೋಡೆ ಎಬ್ಬಿಸಿದ್ದು. ಆ ಊರೇ ಕೊಕ್-ಬೆಲ್.

ಕಾರಿಡಾರಿನಲ್ಲಿ ಎಜೆ ನನ್ನನ್ನು ಗೋಡೆಗೆ ಒತ್ತಿ ನಿಲ್ಲಿಸಿದಳು. "ನಾರಿನ್ ಅಂತೆ! ಬೂಟಿಗೆ ಮೆತ್ತಿರೋ ಬೂದಿ ನೋಡೇ, ಎಲ್ಲಿಯೋಳು ಅಂತ ಅದೇ ಹೇಳುತ್ತೆ. ನಿನ್ನನ್ಯಾಕೆ ಸೇರಿಸ್ಕೊಂಡಿದ್ದು ಅಂದ್ಕೊಂಡೆ? ಈ ಮುಖಕ್ಕಾ? ಬುರುಲ್ ಅಪಾನ ಮೊಮ್ಮಗಳು ಅಂತ. ಭಾನುವಾರ ಬಾಯ್ಕೆನ ಕರ್ಕೊಂಡು ಬರ್ತೀನಿ. ನಿಮ್ಮ ಮುದುಕಿ ಎಲ್ಲರೆದುರು ಹರಸಿ ಬಾತಾ ಕೊಡಬೇಕು. ಕೊಟ್ರೆ ನಿನಗೆ ಇಲ್ಲಿ ಖಾಯಂ ಕೆಲಸ, ನಗರದಲ್ಲಿ ಒಂದು ಕೋಣೆ. ಮುದುಕೀನೂ ಕರ್ಕೊಂಡು ಬಾ, ಯಾರು ಬೇಡ ಅಂದ್ರು?"

"ಎಜೆ, ಒಳಗೆ ಅವರು ಹೇಳಿದ್ದು..."

"ನುಂಗ್ಬಿಡು." ಅವಳು ನನ್ನ ಕಾಲರು ಸರಿಮಾಡಿದಳು, ನಿಜವಾದ ಅಕ್ಕನ ಹಾಗೆ. "ಮೊದಮೊದಲು ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಆಮೇಲೆ ಜೀರ್ಣ ಆಗುತ್ತೆ. ನನಗಾಗಿಲ್ವಾ?"

*

ಬಸ್ಸಿಳಿದರೆ ನೀರಿನ ಲಾರಿಯ ಮುಂದೆ ಸಾಲು. ಗುಡ್ಡದಲ್ಲಿ ತಾಮ್ರ ಹೆಕ್ಕುವ ಜುಮಾಶ್ ಕೊಡದ ಮೇಲೆ ಕೂತಿದ್ದ.

"ಬಂದಳಪ್ಪಾ ಪಾರ್ಲಿಮೆಂಟು! ದಾರಿ ಬಿಡ್ರೋ ಸೂಳೆಮಕ್ಳಾ!"

"ಸುಮ್ನಿರಣ್ಣ."

"ಇವತ್ತು ಯಾವ ಕಾನೂನು ಮಾಡ್ದೆ ತಾಯಿ? ಅವ್ನ ಲೋಟ ತೊಳಿಯಾಕೆ ಕಾಲೇಜು ಓದ್ಬೇಕಾಯ್ತಾ? ನಾನಾದ್ರೆ ಓದ್ದೇನೇ ತೊಳೀತಿದ್ದೆ."

ಸಾಲಿನವರು ನಕ್ಕರು. ನಾನೂ ನಕ್ಕೆ. ಹಾಗೆ ನಗುತ್ತಲೇ, ಭಾನುವಾರ ಬಾಯ್ಕೆ ಬರ್ತಾರೆ, ಮನೆಗಳಿಗೆ ಕಾಗದ ಕೊಡಿಸ್ತಾರೆ ಎಂದುಬಿಟ್ಟೆ. ನಗು ನಿಂತಿತು. ಜುಮಾಶ್ ಕೊಡದ ಮೇಲಿಂದ ಎದ್ದ.

"ದಿಟಾನಾ? ಓಟಿಗೆ ಕಾಗ್ದ ಐತೆ, ಮನೆಗಿಲ್ಲ ಅಂತ ಬಡ್ಕೊಂಡು ಬಡ್ಕೊಂಡು ನನ್ನ ಗಂಟ್ಲು ಹೋಯ್ತು. ಆ ಬೋಳಿಮಗ ಕೊಡ್ತಾನಾ?"

"ಕೊಡ್ತಾರೆ."

ಅವನು ಸಾಲಿನ ಕೊನೆಯಲ್ಲಿದ್ದ ನನ್ನ ನೀರಿನ ಕ್ಯಾನು ತೆಗೆದು ಮುಂದೆ ಇಟ್ಟ. "ಮೊದ್ಲು ಈ ಮಗೀಗೆ ಬಿಡ್ರೋ. ನಮ್ಮ್ ಹುಡ್ಗಿ."

ಆ ನೀರು ಹೊತ್ತುಕೊಂಡು ಮನೆಗೆ ಹೋದೆ. ಯಾವತ್ತೂ ಅಷ್ಟು ಭಾರ ಇರಲಿಲ್ಲ.

ಅಪಾ ಒಲೆಯ ಮುಂದೆ ಕೂತು ಗುಡ್ಡದಿಂದ ತಂದ ಬಾಟಲಿಗಳ ಮುಚ್ಚಳ ಬಿಚ್ಚುತ್ತಿದ್ದಳು. ನಮ್ಮಮ್ಮ ಮಾಸ್ಕೋದಲ್ಲಿ ನೆಲ ಒರೆಸುತ್ತಾಳೆ. ನನ್ನನ್ನು ಸಾಕಿದ್ದು ಅಪಾ ಮತ್ತು ಅವಳ ಕಥೆಗಳು. ಹಿಟ್ಟು ಮುಗಿದ ದಿನಗಳಲ್ಲಿ ಕಥೆಗಳು ಉದ್ದವಾಗುತ್ತಿದ್ದವು. ಊರಿನಲ್ಲಿ ಜಗಳವಾದರೆ, ಮದುವೆಯಾದರೆ, ಯಾರಾದರೂ ರಷ್ಯಾಕ್ಕೆ ಹೊರಟರೆ, ಬಾತಾ ಕೊಡುವುದು ಅವಳೇ. ಅಪಾ ಅಂಗೈ ತೆರೆದು ಹರಸಿ, ಎಲ್ಲರೂ ಓಮಿನ್ ಎಂದು ಮುಖ ಸವರಿಕೊಂಡರೆ ಮುಗಿಯಿತು. ಅದನ್ನು ಮೀರಿದವರನ್ನು ಕೊಕ್-ಬೆಲ್ ಇನ್ನೂ ಕಂಡಿಲ್ಲ.

ಹೇಳಿದೆ. ಅವಳು ಮುಚ್ಚಳ ಬಿಚ್ಚುವುದನ್ನು ನಿಲ್ಲಿಸಲಿಲ್ಲ.

"ಒಳ್ಳೇವ್ನಾ?"

"ಹೂಂ ಅಪಾ."

"ನಿಂಗೆಂಗೆ ಗೊತ್ತು?"

"ದಿನಾ ನೋಡ್ತೀನಲ್ಲ."

"ಸರಿ ಬುಡು. ನೀ ನೋಡಿದ್ರೆ ನಾ ನೋಡ್ದಂಗೇ." ಒಲೆಗೆ ಒಂದು ರಟ್ಟಿನ ತುಂಡು ಹಾಕಿದಳು. "ಆ ಖಾನನ ಕಥೆ ಗ್ಯಾಪ್ನ ಐತಾ ನಿಂಗೆ? ಚಾವ್ಟಿ ಹೊರ್ಗೆ ನೇತಾಕಿ ಬಂದೋನು?"

ಇತ್ತು. ಚಾವಟಿ ಹಿಡಿದು ಇನ್ನೊಬ್ಬರ ಗುಡಾರದೊಳಗೆ ಕಾಲಿಡಬಾರದು. ಖಾನನೂ ಬಾಗಿಲಲ್ಲಿ ಚಾವಟಿ ನೇತುಹಾಕಿ ಬರಿಗೈಯಲ್ಲಿ ಬಂದ. ಎಂಥ ವಿನಯ ಎಂದು ಎಲ್ಲರೂ ಕೊಂಡಾಡಿದರು. ಉಂಡ, ಕುಡಿದ, ಮನೆಯ ಮುದುಕಿಯಿಂದ ಬಾತಾ ಪಡೆದ. ಆಮೇಲೆ ಬೂಟು ಸರಿಮಾಡಿಕೊಳ್ಳುವವನಂತೆ ಬಗ್ಗಿದ. ಬೂಟಿನೊಳಗೆ ಏನಿದೆ ಎಂದು ಯಾರೂ ನೋಡಿರಲಿಲ್ಲ. ಕಥೆ ಅಲ್ಲಿಗೇ ನಿಲ್ಲುತ್ತದೆ. ಚಿಕ್ಕವಳಿದ್ದಾಗ, ಆಮೇಲೇನಾಯ್ತು ಎಂದು ಕಾಡುತ್ತಿದ್ದೆ. ಆಮೇಲೇನು, ನಾವು ಇಲ್ಲಿಗೆ ಬಂದ್ವಿ ಅನ್ನುತ್ತಿದ್ದಳು.

"ಯಾಕೆ ಕೇಳ್ತೀಯಾ ಈಗ?" ಎಂದೆ.

"ಸುಮ್ಕೆ. ನೀ ಸಣ್ಣೋಳಿದ್ದಾಗ ಇಷ್ಟಪಡ್ತಿದ್ದೆ."

ನಗರದ ಕೋಣೆ ಹೇಗಿರುತ್ತದೆ ಎಂದು ಯೋಚಿಸುತ್ತ ಮಲಗಿದೆ. ಬಿಸಿ ಕೊಳವೆ ಇರುತ್ತದೆ. ಅಪಾ ಅದಕ್ಕೆ ಬೆನ್ನು ಕೊಟ್ಟು ಕೂರುತ್ತಾಳೆ. ಅವಳನ್ನು ಎಲ್ಲ ಕಡೆಯಿಂದ ನೋಡಿದೆ, ಕಿಟಕಿಗೆ ಪರದೆಯನ್ನೂ ಹಾಕಿದೆ. ಪರದೆ ಸರಿಸಿದರೆ ಕೆಳಗೆ ಜುಮಾಶ್ ನನ್ನ ಕ್ಯಾನು ಹಿಡಿದು ನಿಂತಿದ್ದ.

*

ಭಾನುವಾರ ಎಜೆ ಬೆಳಿಗ್ಗೆಯೇ ಬಂದಳು, ಕ್ಯಾಮೆರಾದವನ ಜೊತೆ. ಒಳಗೆ ಬಂದವಳೇ ಚೀಲದಿಂದ ಸೆಂಟು ತೆಗೆದು ಮೂಲೆಮೂಲೆಗೂ ಹೊಡೆದಳು.

"ಥೂ! ಇದರೊಳಗೆ ಉಸಿರಾಡ್ತೀರಾ ನೀವು?"

"ಉಸ್ರಾಡ್ದಿದ್ರೆ ಸತ್ತೋಯ್ತೀವಿ ಅಂತ ಆಡ್ತೀವಿ ಕಣವ್ವ," ಎಂದಳು ಅಪಾ.

ಎಜೆ ಅದನ್ನು ಕೇಳಿಸಿಕೊಳ್ಳಲಿಲ್ಲ. ಅಪಾಳ ತಲೆಯ ಹಳೇ ಬಟ್ಟೆ ಎಳೆದು ತೆಗೆದು ಮೂಲೆಗೆಸೆದಳು. ಅಪಾಳ ಕೂದಲು ಎಲ್ಲರಿಗೂ ಕಂಡಿತು, ಬೋಳಾದ ನಡುನೆತ್ತಿಯೂ. ಅವಳು ಎರಡೂ ಕೈಯಿಂದ ಮುಚ್ಚಿಕೊಳ್ಳುವಷ್ಟರಲ್ಲಿ ಎಜೆ ದೊಡ್ಡ ಬಿಳಿ ಮುಂಡಾಸು ತಂದು ಕೂರಿಸಿದಳು. ಬೆಟ್ಟದ ಮುತ್ತೈದೆಯರು ಹಿಂದೆ ಸುತ್ತುತ್ತಿದ್ದಂಥದು, ನಾಟಕದವರ ಅಂಗಡಿಯಿಂದ ಬಾಡಿಗೆಗೆ ತಂದದ್ದು. ಹಿಂದುಗಡೆ ಅಂಗಡಿಯ ಚೀಟಿ ನೇತಾಡುತ್ತಿತ್ತು.

"ಹಿಂದೆ ತಿರುಗಬೇಡ ಮುದುಕಿ. ಕ್ಯಾಮೆರಾ ಮುಂದೇನೇ ಇರೋದು."

ಅಪಾ ನನ್ನ ಕಡೆ ನೋಡಿದಳು. ನಾನು ಚಹಾ ಬಟ್ಟಲು ಒರೆಸುತ್ತಿದ್ದೆ. ಒರೆಸಿದ್ದನ್ನೇ ಒರೆಸಿದೆ.

ಜುಮಾಶ್ ತನ್ನಲ್ಲಿದ್ದ ಒಂದೇ ಕುರಿ ಕೊಯ್ದಿದ್ದ. ಹೆಂಗಸರು ಹಿಟ್ಟಿನ ತುಂಡುಗಳನ್ನು ಎಣ್ಣೆಯಲ್ಲಿ ಕರಿದು ನೆಲಕ್ಕೆ ಹಾಸಿದ ಊಟದ ಬಟ್ಟೆಯ ತುಂಬ ಸುರಿದಿದ್ದರು. ಬಾಯ್ಕೆ ಬಂದರು. ಬಾಗಿಲಲ್ಲಿ ಎಲ್ಲರ ಚಪ್ಪಲಿ ಬೂಟುಗಳ ರಾಶಿ, ಅವರೂ ಬಗ್ಗಿದರು. "ಬೇಡ ಬಾಯ್ಕೆ, ನೆಲ ಹೇಗಿದೆಯೋ," ಎಂದು ಎಜೆ ಆಸ್ಪತ್ರೆಯಲ್ಲಿ ಹಾಕುವಂಥ ನೀಲಿ ಪ್ಲಾಸ್ಟಿಕ್ ಚೀಲಗಳನ್ನು ಅವರ ಬೂಟಿನ ಮೇಲೆಯೇ ತೊಡಿಸಿದಳು. ಸರಬರ ಸದ್ದು ಮಾಡುತ್ತ ಬಾಯ್ಕೆ ನಮ್ಮ ಕಂಬಳಿ ತುಳಿದು ಹೋಗಿ, ಬಾಗಿಲಿಗೆ ಎದುರಿನ ಗೌರವದ ಜಾಗದಲ್ಲಿ ಕೂತರು. ಜುಮಾಶನ ಕೈ ಕುಲುಕಿ, ಬೆನ್ನ ಹಿಂದೆ ಒದ್ದೆ ಕಾಗದದಿಂದ ಬೆರಳು ಒರೆಸಿಕೊಂಡರು. ಗೋಡೆಯ ಪಕ್ಕ ನಿಂತಿದ್ದ ನನಗೆ ಅದು ಕಂಡಿತು. ಜುಮಾಶನಿಗೆ ಕಾಣಲಿಲ್ಲ. ಅವನು ತನ್ನ ಕೈಯನ್ನು ಎದೆಯ ಮೇಲೆ ಇಟ್ಟುಕೊಂಡಿದ್ದ, ಏನೋ ಸಿಕ್ಕಿದ ಹಾಗೆ.

ಉಂಡರು. ಬಾಯ್ಕೆ ಕೂತಲ್ಲೇ ಎರಡೂ ಕೈಯಲ್ಲಿ ರೊಟ್ಟಿ ಎತ್ತಿ ಹಿಡಿದರು. "ಈ ಅನ್ನ ಮುಟ್ಟಿ ಹೇಳ್ತೀನಿ. ನಾನಿರೋ ತನಕ ನಿಮ್ಮ ಒಂದು ಇಟ್ಟಿಗೆ ಅಲ್ಲಾಡಲ್ಲ. ಅಪಾ, ನಿಮ್ಮ ಮಗ ಅಂದ್ಕೊಂಡು ಬಾತಾ ಕೊಡಿ."

ಯಾರೋ ಹೆಂಗಸು ಅತ್ತಳು. ಜುಮಾಶ್ ಮೂಗು ಒರೆಸಿಕೊಂಡ. ರೊಟ್ಟಿ ಮುಟ್ಟಿದ ಮೇಲೆ ಇನ್ನೇನು ಬೇಕು? ಅಪಾ ಮುಂಡಾಸಿನ ಭಾರಕ್ಕೆ ಕತ್ತು ಗಟ್ಟಿ ಮಾಡಿಕೊಂಡು ಅಂಗೈ ತೆರೆದಳು. ಕೋಣೆಯ ತುಂಬ ಅಂಗೈಗಳು ತೆರೆದವು. ತಾಮ್ರ ಸುಲಿದು ಸೀಳಿದವು, ಬೂದಿ ಒಳಗಿಳಿದು ಎಷ್ಟು ತೊಳೆದರೂ ಹೋಗದವು.

"ತಡಿ, ತಡಿ," ಎಂದ ಕ್ಯಾಮೆರಾದವನು. "ಬಾಯ್ಕೆ ಕೈಲಿ ಚಹಾ ಇದ್ರೆ ಚೆನ್ನಾಗಿರುತ್ತೆ."

"ಊಲ್ಯಾ! ಚಹಾ!" ಎಂದಳು ಎಜೆ.

ಅಂಗೈಗಳು ತೆರೆದೇ ಕಾದವು. ನಾನು ಬಾಯ್ಕೆಯ ಮುಂದೆ ಮಂಡಿಯೂರಿ ಬಟ್ಟಲು ಎತ್ತಿಕೊಂಡೆ. ಆ ಕಚೇರಿಯಲ್ಲಿ ನುಂಗಿದ್ದನ್ನೆಲ್ಲ ಹೇಳಬೇಕು ಅನ್ನಿಸಿತು. ಚಹಾ ಅರ್ಧಕ್ಕೆ ಬಂತು. ಅಭ್ಯಾಸಕ್ಕೆ ಮಣಿಕಟ್ಟು ಎತ್ತಲು ಹೋಯಿತು. ನಾನು ಅದನ್ನು ಎತ್ತಗೊಡಲಿಲ್ಲ. ಚಹಾ ಏರಿತು. ಅಂಚು ಮುಟ್ಟಿತು, ಅಂಚಿಗಿಂತ ಮೇಲೆ ಉಬ್ಬಿ ನಡುಗುತ್ತ ನಿಂತಿತು. ಎರಡೂ ಕೈಯಲ್ಲಿ ಅದನ್ನು ಬಾಯ್ಕೆಯ ಮುಂದೆ ಇಟ್ಟೆ.

ಅಳುತ್ತಿದ್ದವಳು ಅಳು ನಿಲ್ಲಿಸಿದಳು.

"ಕತ್ತೆ ಮುಂಡೇದೇ..." ಎಂದಳು ಎಜೆ, ಈ ಸಲ ತುಟಿ ಅಲ್ಲಾಡಿಸಿಯೇ.

"ಕೈ ತಪ್ಪಿದೆ ಮಗೂಗೆ," ಬಾಯ್ಕೆ ನಕ್ಕರು. "ಇದು ಇವಳ ಅಭ್ಯಾಸ. ನಡೀರಿ ಅಪಾ, ಬಾತಾ."

ಅಪಾಳ ಅಂಗೈ ಇನ್ನೂ ತೆರೆದೇ ಇತ್ತು. "ಊಲು," ಎಂದಳು, "ಕೈ ತಪ್ತಾ?"

"ಇಲ್ಲ ಅಪಾ."

ಅವಳು ಬಾಯ್ಕೆಯ ಮುಖ ನೋಡಲಿಲ್ಲ. ಮಡಚಿಟ್ಟ ಅವರ ಕಾಲುಗಳ ಕಡೆ ನೋಡಿದಳು, ಪ್ಲಾಸ್ಟಿಕ್ ಚೀಲದೊಳಗಿನ ಬೂಟುಗಳ ಕಡೆ. ಆಮೇಲೆ ಒಂದು ಕೈಯನ್ನು ಇನ್ನೊಂದರೊಳಗೆ ಮಡಚಿ ಮಡಿಲಲ್ಲಿಟ್ಟುಕೊಂಡಳು. ಮುಖ ಸವರಲಿಲ್ಲ. ಓಮಿನ್ ಬರಲಿಲ್ಲ. ಒಂದೊಂದಾಗಿ ಕೋಣೆಯ ಅಂಗೈಗಳೆಲ್ಲ ಮುಚ್ಚಿದವು. ಜುಮಾಶನದು ಕೊನೆಯದು, ಅದು ಮುಷ್ಟಿಯಾಗಿ ಮುಚ್ಚಿತು.

"ಏನಿದು ನಾಟಕ!" ಬಾಯ್ಕೆ ಎದ್ದರು. ಬಟ್ಟಲು ಮಗುಚಿತು. "ಗುಲ್ಬಾರಾ, ಯಾವ ತಿಪ್ಪೆಗೆ ಕರ್ಕೊಂಡು ಬಂದಿದೀಯಾ ನನ್ನ? ನೋಡ್ತೀನಿ, ನೋಡ್ತೀನಿ ಈ ಇಲಿಗಳನ್ನ..."

"ಬಾಗ್ಲು ಅಲ್ಲೈತೆ," ಎಂದ ಜುಮಾಶ್. "ಆ ಚೀಲ ಬಿಚ್ಚಿಟ್ಟು ಹೋಗೋ ಬೋಳಿಮಗ್ನೆ. ಗುಡ್ಡದಾಗೆ ಮಾರ್ಕೊಂತೀವಿ."

ಅವರು ಹೋದರು. ಕಾರುಗಳ ಧೂಳು ಕಿಟಕಿಗೆ ಬಡಿದು ಇಳಿಯಿತು. ಯಾರೋ ನನ್ನ ಬೆನ್ನು ತಟ್ಟಿದರು. ನಾನು ಅಪಾಳನ್ನೇ ನೋಡುತ್ತಿದ್ದೆ. ಅವಳು ಬಿಳಿ ಮುಂಡಾಸು ತೆಗೆದು ಪಕ್ಕಕ್ಕಿಟ್ಟಳು, ಮೂಲೆಯಲ್ಲಿ ಬಿದ್ದಿದ್ದ ತನ್ನ ಹಳೇ ಬಟ್ಟೆ ಹುಡುಕಿ, ಕೊಡವಿ, ತಲೆಗೆ ಕಟ್ಟಿಕೊಂಡಳು.

"ಯಾವಾಗ್ಲಿಂದ ಗೊತ್ತಿತ್ತು ನಿಂಗೆ?" ಎಂದಳು ಅಪಾ.

ಜುಮಾಶ್ ನನ್ನ ಕಡೆ ತಿರುಗಿದ.

ನಾನು ಚಹಾದ ಪಾತ್ರೆಯನ್ನು ಬಿಗಿಯಾಗಿ ಹಿಡಿದುಕೊಂಡೆ. ಅಪಾ ಕಾದಳು. ಒಂದು ಕಥೆ ಹೇಳಿ ಮುಗಿಸುವಷ್ಟು ಹೊತ್ತು ಕಾದಳು. ಆಮೇಲೆ ಚಹಾದ ಪಾತ್ರೆಯನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು, ನಾನು ಒರೆಸಿಟ್ಟ ಬಟ್ಟಲುಗಳಲ್ಲಿ ಒಂದನ್ನು ಹತ್ತಿರಕ್ಕೆ ಎಳೆದಳು. ಸುರಿಯತೊಡಗಿದಳು. ಅರ್ಧ ಬಂತು. ಅವಳ ಮಣಿಕಟ್ಟು ಏಳಲಿಲ್ಲ.

ತುಳುಕುವ ಬಟ್ಟಲನ್ನು ಒಂದು ಹನಿಯೂ ಚೆಲ್ಲದೆ ತಂದು ನನ್ನ ಮುಂದೆ ಇಟ್ಟಳು.

ಎರಡೂ ಕೈ ಚಾಚಿ ತೆಗೆದುಕೊಂಡೆ. ಸುಡುತ್ತಿತ್ತು.